ಕೊಡುವ ಮೊದಲು ಕೇಳಿ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಐದನೇ ತರಗತಿ. ಬೆಳಿಗ್ಗೆ ಹತ್ತೂವರೆಯ ಬಿಸಿಲು ಕಿಟಕಿಯಿಂದ ಒಳಗೆ ಬಂದು ನೇರ ಬೋರ್ಡಿನ ಮೇಲೆ ಬಿದ್ದಿದೆ. ವರ್ಷಗಟ್ಟಲೆ ಒರೆಸಿ ಒರೆಸಿ ಬಣ್ಣ ಸವೆದು ನುಣ್ಣಗಾದ ಬೋರ್ಡು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಮೇಷ್ಟ್ರು ಬರೆದ ಭಾಗಾಕಾರದ ಲೆಕ್ಕ ಎಡಗಡೆ ಕೂತವರಿಗೆ ಕಾಣುತ್ತದೆ. ಬಲಗಡೆ ಗೋಡೆಗೆ ಒತ್ತಿ ಕೂತ ಎಂಟು ಹತ್ತು ಮಕ್ಕಳಿಗೆ ಕಾಣುವುದು ಬರೀ ಬೆಳಕು. ಅವರು ಪಕ್ಕದವರ ನೋಟ್‌ಬುಕ್ ಇಣುಕಿ ಬರೆದುಕೊಳ್ಳುತ್ತಾರೆ. ಪಕ್ಕದವರು ತಪ್ಪು ಬರೆದರೆ ಇವರದೂ ತಪ್ಪು.

ಇದನ್ನು ಕಂಡವನು ನಾನಲ್ಲ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯಾಗಿ ಆ ಶಾಲೆಗೆ ಮೂರು ಸಲ ಹೋಗಿ ಬಂದಿದ್ದೆ. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಮಾತಾಡಿಸಿದ್ದೆ. ಬಾಗಿಲಲ್ಲಿ ನಿಂತವನಿಗೆ ಬೋರ್ಡು ಚೆನ್ನಾಗಿಯೇ ಕಾಣುತ್ತದೆ. ಕಂಡವಳು ನಮ್ಮ ಕಾಲೇಜಿನ ಬಿ.ಕಾಂ. ಎರಡನೇ ವರ್ಷದ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋಗಿ, ಬಲಗಡೆಯ ಮೂಲೆಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತಳು. ಐದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ, ಪಕ್ಕದ ಹುಡುಗನನ್ನು ಕೇಳಿದಳು. ಅವನು ಹೇಳಿದ: "ಬೋರ್ಡ್ ಮಿಂಚತೈತ್ರಿ ಅಕ್ಕಾ. ಮಧ್ಯಾಹ್ನ ಆದಮ್ಯಾಗ ಕಾಣತೈತಿ."

ಮಧ್ಯಾಹ್ನದವರೆಗೆ ಆ ಹುಡುಗನಿಗೆ ಶಾಲೆ ಇರಲಿಲ್ಲ. ಎಷ್ಟು ದಿನದಿಂದ ಇರಲಿಲ್ಲವೋ ಅವನಿಗೂ ಗೊತ್ತಿರಲಿಲ್ಲ.

ಒಂದು ಡಬ್ಬಿ ಬೋರ್ಡಿನ ಕಪ್ಪು ಬಣ್ಣ, ಒಂದು ಬ್ರಷ್ಷು, ಕಿಟಕಿಗೊಂದು ದಪ್ಪ ಪರದೆ. ಎಲ್ಲ ಸೇರಿ ಸಾವಿರ ರೂಪಾಯಿಯೂ ಆಗಲಿಲ್ಲ. ಆದರೆ ಅದೇ ಶಾಲೆಗೆ ಹಿಂದಿನ ವರ್ಷ ನಾನೇ ಮುಂದೆ ನಿಂತು, ಊರಿನಲ್ಲಿ ಬೆಳೆದು ಹೊರಗೆ ಹೋದ ದಾನಿಯೊಬ್ಬರನ್ನು ಒಪ್ಪಿಸಿ, ಲಾರಿ ತುಂಬ ಬೆಂಚು ಡೆಸ್ಕು ಇಳಿಸಿದ್ದೆ. ಹಾರ, ಶಾಲು, ಭಾಷಣ ಎಲ್ಲ ಆಗಿತ್ತು. ಆ ಬೆಂಚು ಡೆಸ್ಕುಗಳಲ್ಲಿ ಅರ್ಧದಷ್ಟನ್ನು ಹಾಕಿದ್ದು ನಲಿ-ಕಲಿ ಕೋಣೆಗೆ.

ನಲಿ-ಕಲಿ ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು, ಎದೆ ಹಿಂಡುತ್ತದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, ಆಮೇಲೆ ರಾಜ್ಯದುದ್ದಕ್ಕೂ ಹಬ್ಬಿದ ಕಲಿಕೆಯ ಕ್ರಮ ಅದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ, ದುಂಡಗೆ ಕೂತು ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ತೂಗುಹಾಕಿದ ಚಪ್ಪರ, ಕೈಯಲ್ಲಿ ಕಾರ್ಡು. ಮಗು ತನ್ನ ಕಾರ್ಡು ತಾನೇ ಎತ್ತಿಕೊಂಡು, ತನ್ನ ಗುಂಪಿಗೆ ತಾನೇ ಎದ್ದು ಹೋಗಬೇಕು. ಆ ಕೋಣೆಯ ಜೀವವೇ ಖಾಲಿ ನೆಲ. ನಾನು ಆ ನೆಲವನ್ನು ಬೆಂಚಿನಿಂದ ತುಂಬಿದ್ದೆ. ಮಕ್ಕಳು ಸಾಲಾಗಿ ಕೂತರು. ಎದ್ದು ಓಡಾಡುವುದು ನಿಂತಿತು. ಟೀಚರಮ್ಮ ಆರು ತಿಂಗಳು ಸಹಿಸಿ, ಆಮೇಲೆ ಬೆಂಚುಗಳನ್ನು ಹಿಂದಿನ ವರಾಂಡದಲ್ಲಿ ಒಂದರ ಮೇಲೊಂದು ಪೇರಿಸಿದರು. ಅವರಿಗೆ ಬೇಕಾಗಿದ್ದದ್ದು ಎರಡು ಜಮಖಾನ, ಮತ್ತು ಹರಿದುಹೋದ ಕಾರ್ಡುಗಳಿಗೆ ಹೊಸ ಜೊತೆ. "ಮೊದಲೇ ಯಾಕೆ ಹೇಳಲಿಲ್ಲ ಮೇಡಂ?" ಎಂದೆ. ಅವರು ಸಮಾಧಾನದಿಂದಲೇ ಹೇಳಿದರು: "ನೀವು ಕೇಳಲಿಲ್ಲಲ್ರಿ ಸರ್."

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ನಮ್ಮ ಭಾಷೆಯಲ್ಲಿ 'ಕೇಳು' ಎಂದರೆ ಪ್ರಶ್ನೆ ಹಾಕು ಎಂದೂ ಹೌದು, ಕಿವಿಗೊಡು ಎಂದೂ ಹೌದು, ಬೇಡು ಎಂದೂ ಹೌದು. ಬಡಮಕ್ಕಳ ಶಾಲೆಗೆ ಕೊಡಲು ಹೊರಟವನು ಮಾಡಬೇಕಾದ ಕೆಲಸವೆಲ್ಲ ಆ ಒಂದು ಮಾತಿನೊಳಗಿದೆ. ಟೀಚರನ್ನು ಕೇಳಬೇಕು, ಮಗು ಹೇಳುವುದನ್ನು ಕೇಳಬೇಕು, ಆಮೇಲೆ ಮಗುವಿನ ಪರವಾಗಿ ಉಳ್ಳವರನ್ನು ಕೇಳಬೇಕು. ನಾವು ಮೊದಲಿನ ಎರಡನ್ನೂ ಬಿಟ್ಟು ಮೂರನೆಯದಕ್ಕೆ ಓಡುತ್ತೇವೆ.

ಅದಕ್ಕೇ ಈ ಕರೆ, ಮೊದಲು ಕಾಲೇಜಿನ ಹುಡುಗ ಹುಡುಗಿಯರೇ, ನಿಮಗೆ.

ನಿಮ್ಮಲ್ಲಿ ಬಹಳ ಮಂದಿ ಇಂಥದೇ ಶಾಲೆಯಿಂದ ಬಂದವರು. ಸಗಣಿ ಸಾರಿಸಿದ ನೆಲದಿಂದಲೋ, ಒಡೆದ ಕಡಪ ಕಲ್ಲಿನ ನೆಲದಿಂದಲೋ ಎದ್ದು ಬಂದು ಏಳೆಂಟು ವರ್ಷ ಆಗಿದೆ ಅಷ್ಟೆ. ಯಾವ ಬೆಂಚಿನ ಮೊಳೆ ಲಂಗ ಹರಿಯುತ್ತದೆ, ಮಳೆಗಾಲದಲ್ಲಿ ಯಾವ ಮೂಲೆ ಸೋರುತ್ತದೆ, ಹಾಜರಿ ಕರೆಯುವಾಗ ಗುಳೆ ಹೋದ ಗೆಳೆಯನ ಹೆಸರು ಬಂದರೆ ಕೋಣೆ ಹೇಗೆ ಸುಮ್ಮನಾಗುತ್ತದೆ, ಇದೆಲ್ಲ ನಿಮಗೆ ನೆನಪಿದೆ. ನನ್ನ ವಯಸ್ಸಿನವರಿಗೆ ಮರೆತಿದೆ. ದಾನಿಗಳಿಗೆ ಎಂದೂ ಗೊತ್ತೇ ಇರಲಿಲ್ಲ. ನೀವು ಹೋಗಿ ಪಕ್ಕದಲ್ಲಿ ಕೂತರೆ ಮಗು ನಿಮ್ಮನ್ನು ಅಕ್ಕಾ, ಅಣ್ಣಾ ಎನ್ನುತ್ತದೆ. ನಾನು ಹೋದರೆ ಎದ್ದು ನಿಂತು ನಮಸ್ತೇ ಸಾರ್ ಎಂದು ಒಟ್ಟಿಗೆ ಕೂಗುತ್ತದೆ. ಕೂಗಿದ ಮೇಲೆ ಬಾಯಿ ಬಿಡುವುದಿಲ್ಲ.

ಬಾಯಿ ಬಿಡದ ಮಾತು ಯಾವುದು ಎಂದು ಹೇಳುತ್ತೇನೆ. ಅದೇ ಶಾಲೆಯಲ್ಲಿ ಬಿಸಿಯೂಟ ಮುಗಿದಾಗ ಏಳನೇ ತರಗತಿಯ ಮೂವರು ಹುಡುಗಿಯರು ತಟ್ಟೆ ತೊಳೆದು, ಬಾಯಿ ಮುಕ್ಕಳಿಸಿ, ನೀರು ಕುಡಿಯದೆ ಬಂದು ಕೂತರು. ನಮ್ಮ ಹುಡುಗಿ ಅದನ್ನು ಗಮನಿಸಿದಳು. ಮರುದಿನವೂ ಹಾಗೇ. ಮೂರನೇ ದಿನ, ಜಡೆ ಹೆಣೆಯುವ ನೆಪದಲ್ಲಿ ಪಕ್ಕ ಕೂತು ಕೇಳಿದಾಗ ಒಬ್ಬಳು ನೆಲ ನೋಡುತ್ತ ಹೇಳಿದಳು: "ನೀರ ಕುಡದರ ಹೋಗಬೇಕಾಗತೈತ್ರಿ. ಅಲ್ಲಿ ನೀರ ಬರಂಗಿಲ್ಲ." ಶೌಚಾಲಯ ಇತ್ತು. ಗೋಡೆಗೆ ಗುಲಾಬಿ ಬಣ್ಣ ಇತ್ತು. ಟ್ಯಾಂಕೂ ಇತ್ತು. ಟ್ಯಾಂಕಿನಿಂದ ಅಲ್ಲಿಗೆ ಬರುವ ಪೈಪು ಒಡೆದು ವರ್ಷವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಕೊಪ್ಪಳದ ಬಿಸಿಲಿನಲ್ಲಿ ಆ ಮಕ್ಕಳು ಬಾಯಾರಿ ಕೂತು ಪಾಠ ಕೇಳುತ್ತಿದ್ದರು. ಈ ಮಾತನ್ನು ಅವರು ಮುಖ್ಯ ಗುರುಗಳಿಗೆ ಹೇಳುತ್ತಿದ್ದರೇ? ನನಗೆ? ಕಾರಿನಲ್ಲಿ ಬಂದ ದಾನಿಗೆ?

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಆ ಪೈಪಿಗೆ ನಾವು ದಾನ ಕೇಳಲಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು, ಆಟದ ಮೈದಾನ, ಗ್ರಂಥಾಲಯ ಇರಬೇಕೆಂದು ಬರೆದಿದೆ. ಅದು ಮಗುವಿನ ಹಕ್ಕು. ಹಕ್ಕನ್ನು ಭಿಕ್ಷೆಯಾಗಿ ಕೊಡಿಸಿದರೆ ಮಗುವಿಗೂ ಮೋಸ, ಕಾಯ್ದೆಗೂ ಮೋಸ. ಹಾಗಾಗಿ ನಮ್ಮ ವಿದ್ಯಾರ್ಥಿಗಳು ಎರಡು ಪಟ್ಟಿ ಮಾಡಲು ಕಲಿತರು. ಒಂದು ಸರ್ಕಾರ ಮಾಡಬೇಕಾದದ್ದು. ಇನ್ನೊಂದು ಸರ್ಕಾರದ ಸುತ್ತೋಲೆಗೆ ಎಂದೂ ಹೊಳೆಯದ, ಆದರೆ ಆ ತರಗತಿಗೆ ನಾಳೆಯೇ ಬೇಕಾದದ್ದು. ಮೊದಲ ಪಟ್ಟಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಮುಂದೆ ಹೋಗಬೇಕು, ಗ್ರಾಮ ಪಂಚಾಯಿತಿಗೆ ಹೋಗಬೇಕು, ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಿಂದಲೇ ಬರಬೇಕು. ನೀರು ಕುಡಿಯದ ಆ ಮೂವರು ಹುಡುಗಿಯರಲ್ಲಿ ಒಬ್ಬಳು ಸಭೆಯಲ್ಲಿ ಎದ್ದು ನಿಂತಳು. ಚೀಟಿ ಹಿಡಿದ ಕೈ ನಡುಗುತ್ತಿತ್ತು. ಓದಿದಳು. ಪೈಪು ಬರಲು ಮತ್ತೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳೂ ನಮ್ಮ ಹುಡುಗರು ವಾರಕ್ಕೊಮ್ಮೆ ಪಂಚಾಯಿತಿ ಬಾಗಿಲಿಗೆ ಹೋಗಿ ನಿಂತರು. ನಾಲ್ಕನೇ ತಿಂಗಳಿಗೆ ಇಬ್ಬರು ಬೇಸತ್ತು ಬಿಟ್ಟರು. ಅವರನ್ನು ನಾನು ದೂರುವುದಿಲ್ಲ. ಉಳಿದವರಿಗೆ ಕೈ ಮುಗಿಯುತ್ತೇನೆ.

ಎರಡನೇ ಪಟ್ಟಿ ಸಣ್ಣದು. ಸಣ್ಣದಾದ್ದರಿಂದಲೇ ಯಾರೂ ಅದನ್ನು ಕೇಳುವುದಿಲ್ಲ. ಪರದೆ. ಜಮಖಾನ. ಇಲಿ ಕಡಿಯದಂತೆ ಪುಸ್ತಕ ಇಡಲು ಒಂದು ಕಬ್ಬಿಣದ ಬೀರು. ಭಿನ್ನರಾಶಿ ಕಲಿಸಲು ತುಂಡು ತುಂಡಾಗುವ ಮರದ ಬಿಲ್ಲೆಗಳು. ಆರನೇ ತರಗತಿಯ ಒಬ್ಬ ಹುಡುಗನಿಗೆ ಕನ್ನಡಕ. ಒಂದೊಂದರ ಮುಂದೆಯೂ ಯಾಕೆ ಬೇಕು ಎಂದು ಟೀಚರು ಎರಡು ಸಾಲು ಬರೆಯಬೇಕು. ಬರೆಯಲು ಅವರಿಗೆ ಪುರುಸೊತ್ತಿಲ್ಲ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಆ್ಯಪಿನಲ್ಲಿ ಹಾಜರಿ, ಇವುಗಳ ನಡುವೆ ಪಾಠ. ಅವರು ಹೇಳುತ್ತಾರೆ, ನೀವು ಬರೆಯಿರಿ. ಅಂಗಡಿಯಲ್ಲಿ ಬೆಲೆ ವಿಚಾರಿಸಿ. ದಾನಿಯನ್ನು ಹುಡುಕಿ, ಆ ಎರಡು ಸಾಲು ಓದಿ ಹೇಳಿ. ದುಡ್ಡು ನಿಮ್ಮ ಕೈಗೆ ಬರುವುದು ಬೇಡ. ದಾನಿ ನೇರ ಅಂಗಡಿಗೆ ಕೊಡಲಿ, ರಸೀದಿ ಶಾಲೆಯ ಹೆಸರಿಗೆ ಬರಲಿ, ವಸ್ತು ಎಸ್‌ಡಿಎಂಸಿ ದಾಖಲೆಗೆ ಏರಲಿ. ಇದರಲ್ಲಿ ಒಂದು ಕಟ್ಟು ಸಡಿಲಾದರೂ ಊರಿನ ನಂಬಿಕೆ ಹೋಗುತ್ತದೆ. ಒಮ್ಮೆ ಹೋದದ್ದು ನಿಮ್ಮ ನಂತರ ಬರುವ ಹುಡುಗರಿಗೂ ಸಿಗುವುದಿಲ್ಲ.

ಇದು ನಾನೇ ಕಂಡುಹಿಡಿದ ದಾರಿಯಲ್ಲ. 2000ದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಬಡವರ ಮಕ್ಕಳು ಓದುವ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ಚಾರ್ಲ್ಸ್ ಬೆಸ್ಟ್ ಎಂಬ ಮೇಷ್ಟ್ರು 'ಡೋನರ್ಸ್ ಚೂಸ್' ಎಂಬ ಸಂಸ್ಥೆ ಶುರು ಮಾಡಿದರು. ಟೀಚರು ತನ್ನ ತರಗತಿಗೆ ಏನು ಬೇಕು ಎಂದು ಬರೆಯುವುದು, ದಾನಿ ತನಗೆ ಒಪ್ಪಿದ್ದನ್ನು ಆರಿಸುವುದು, ಸಂಸ್ಥೆ ದುಡ್ಡಿನ ಬದಲು ವಸ್ತುವನ್ನೇ ಕೊಂಡು ಶಾಲೆಗೆ ಮುಟ್ಟಿಸುವುದು. ಆದರೆ ದೇಶದ ಜನಕ್ಕೆ ಈ ಸುದ್ದಿ ಮುಟ್ಟಿಸುವವರು ಯಾರು? ಅವರ ವಿದ್ಯಾರ್ಥಿಗಳೇ ಮುಂದೆ ಬಂದರು. ತಿಂಗಳುಗಟ್ಟಲೆ, ಶಾಲೆ ಬಿಟ್ಟ ಮೇಲೆ ಕೂತು, ಎರಡು ಸಾವಿರ ಮಂದಿಗೆ ಕೈಬರಹದ ಕಾಗದ ಬರೆದರು. ಅದರಿಂದ ಮೂವತ್ತು ಸಾವಿರ ಡಾಲರ್ ಬಂತು. ಇವತ್ತು ಅಮೆರಿಕದ ತರಗತಿಗಳಿಗೆ ಹರಿಯುವ ಆ ದೊಡ್ಡ ನೆರವಿನ ತಳದಲ್ಲಿರುವುದು ಬಡ ಬಡಾವಣೆಯ ಆ ಮಕ್ಕಳ ಬೆರಳಿನ ನೋವು. ನಮ್ಮ ಮಕ್ಕಳ ಬೆರಳು ಅವರಿಗಿಂತ ಕಮ್ಮಿಯದೇನಲ್ಲ. ಎನ್‌ಎಸ್‌ಎಸ್‌ಗೆ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಕಾಲೇಜಿನ ಮುಂದಿನ ಪಾರ್ಥೇನಿಯಂ ಕೀಳುವುದರಲ್ಲೇ ಆ ಗಂಟೆಗಳನ್ನು ಮುಗಿಸಬೇಡಿ. 1969ರಲ್ಲಿ, ಗಾಂಧೀಜಿಯ ಶತಮಾನೋತ್ಸವದ ವರ್ಷ, ಈ ಯೋಜನೆಗೆ ಜೀವ ಕೊಟ್ಟವರ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ ಆಗಿರಲಿಕ್ಕಿಲ್ಲ.

ಇನ್ನು ಕೊಡುವವರೇ, ನಿಮಗೂ ಎರಡು ಮಾತು.

ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಇತ್ತು. ಓದುವ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಓದುತ್ತಿದ್ದ. ಹಾಗೆ ಓದಿ ದೊಡ್ಡವರಾದವರು ಮುಪ್ಪಿನಲ್ಲೂ ನೆನೆಯುತ್ತಿದ್ದದ್ದು ಅಡುಗೆಯ ರುಚಿಯನ್ನಲ್ಲ. ಯಾವ ಮನೆಯಲ್ಲಿ ಮನೆ ಮಕ್ಕಳ ಸಾಲಿನಲ್ಲೇ ಎಲೆ ಹಾಕಿದರು, ಯಾವ ಮನೆಯಲ್ಲಿ ಜಗಲಿಯಲ್ಲಿ ಹಾಕಿದರು, ಅದನ್ನು ನೆನೆಯುತ್ತಿದ್ದರು. ಬ್ಯಾಗು ಕೊಡುವಾಗ ಮಗುವಿನ ಕೈಗೆ ಅರ್ಧ ಕೊಟ್ಟು, ಅರ್ಧ ನೀವೇ ಹಿಡಿದುಕೊಂಡು ಕ್ಯಾಮೆರಾ ನೋಡುವುದು ಜಗಲಿಯ ಎಲೆಯೇ. ಬೆಂಚಿನ ಬೆನ್ನಿಗೆ ನಿಮ್ಮ ತಂದೆಯ ಹೆಸರು ಬರೆಸಿದರೆ, ಹಿಂದಿನ ಸಾಲಿನ ಮಗು ವರ್ಷವಿಡೀ ತಾನು ಯಾರ ಋಣದಲ್ಲಿ ಕೂತಿದ್ದೇನೆಂದು ಓದುತ್ತಿರುತ್ತದೆ. ದಯವಿಟ್ಟು ಬರೆಸಬೇಡಿ. ನಿಮ್ಮ ತಂದೆಯ ನೆನಪಿಗೆ ಆ ಶಾಲೆಗೆ ವರ್ಷಕ್ಕೆ ನಾಲ್ಕು ಸಲ ಹೋಗಿ ಬನ್ನಿ. ಆ ನೆನಪು ಇನ್ನೂ ಗಟ್ಟಿ.

ಕೊಪ್ಪಳದ ಪಕ್ಕದಲ್ಲೇ ಕುಣಿಕೇರಿ ಇದೆ. ಅಲ್ಲಿ ಹುಚ್ಚಮ್ಮ ಚೌಧರಿ ಎಂಬ ಬಡ ಹೆಣ್ಣುಮಗಳು ಶಾಲೆಗೆಂದು ಎರಡು ಎಕರೆ ಭೂಮಿ ಬಿಟ್ಟುಕೊಟ್ಟರು. ಕೊಟ್ಟು ದೂರ ಹೋಗಿ ಕೂರಲಿಲ್ಲ. ಅದೇ ಶಾಲೆಯ ಬಿಸಿಯೂಟದ ಒಲೆಯ ಮುಂದೆ ಅಡುಗೆಯವರಾಗಿ ನಿಂತರು. ತಾವು ಕೊಟ್ಟ ನೆಲದಲ್ಲಿ ಕಟ್ಟಿದ ಶಾಲೆಯ ಮಕ್ಕಳ ತಟ್ಟೆಗೆ ತಾವೇ ಬಡಿಸಿದರು. ಯಾವ ಮಗು ಇನ್ನೊಂದು ಸೌಟು ಅನ್ನ ಕೇಳಲು ಹಿಂಜರಿಯುತ್ತದೆ ಎಂಬುದು ಬಡಿಸುವ ಕೈಗೆ ಗೊತ್ತಾಗುತ್ತದೆ. ಎರಡು ಎಕರೆ ಕೊಡುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆಯೋ ಕಾಣೆ. ಅಷ್ಟು ಹತ್ತಿರ ಹೋಗಿ ನಿಲ್ಲುವ ಶಕ್ತಿ ಎಲ್ಲರಿಗೂ ಇದೆ. ನಿಮ್ಮಿಂದ ಆಗದಿದ್ದರೆ ನಿಮ್ಮೂರಿನ ಕಾಲೇಜಿನ ಹುಡುಗರನ್ನು ಕಳಿಸಿ, ಅವರ ಬಸ್ ಚಾರ್ಜು ಕೊಡಿ, ಅವರು ಬರೆದು ತಂದ ಪಟ್ಟಿಯನ್ನು ನಂಬಿ. ಪಟ್ಟಿಯಲ್ಲಿ ಜಮಖಾನ ಎಂದಿದ್ದರೆ ಜಮಖಾನವನ್ನೇ ಕೊಡಿ. ಸ್ಮಾರ್ಟ್ ಟಿವಿ ಕೊಡುತ್ತೇನೆ ಎನ್ನಬೇಡಿ.

ಬರುವ ಶನಿವಾರ ಬೆಳಗಿನ ಶಾಲೆ. ನಿಮ್ಮ ಕಾಲೇಜಿನಿಂದ ಹತ್ತು ಹದಿನೈದು ಕಿಲೋಮೀಟರಿನಲ್ಲಿ ಒಂದು ಸರ್ಕಾರಿ ಶಾಲೆ ಇದ್ದೇ ಇದೆ. ಮೊದಲ ಬಸ್ಸಿಗೆ ಇಬ್ಬಿಬ್ಬರು ಹೊರಡಿ. ಮುಖ್ಯ ಗುರುಗಳಿಗೆ ಹಿಂದಿನ ದಿನವೇ ಹೇಳಿ ಒಪ್ಪಿಗೆ ಪಡೆಯಿರಿ. ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ನು ಇರಲಿ. ಚಾಕೊಲೇಟು ಬೇಡ, ಬ್ಯಾನರು ಬೇಡ, ಮೊಬೈಲು ಚೀಲದಲ್ಲಿರಲಿ. ಬಾಗಿಲಲ್ಲಿ ನಿಲ್ಲಬೇಡಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಲಗಡೆ ಗೋಡೆಗೆ ಒತ್ತಿ ಕೂತ ಮಕ್ಕಳ ನಡುವೆ ಜಾಗ ಮಾಡಿಕೊಂಡು ಕೂತು, ಅಲ್ಲಿಂದ ಬೋರ್ಡು ನೋಡಿ.