ಹುಲ್ಲುಬಯಲು ಬಂಜರಲ್ಲ

ಊರ ಹೊರಗಿನ ಹುಲ್ಲುಬಯಲನ್ನು ಕಂಡೊಡನೆ ‘ಬಂಜರು’ ಎನ್ನುವ ಚಾಳಿಯೊಂದು ನಮ್ಮವರಲ್ಲಿ ಬೇರೂರಿದೆ. ಕಂದಾಯದ ಕಾಗದಗಳಲ್ಲಿ ಹುಟ್ಟಿದ ಆ ಮಾತು ವಿದ್ಯಾವಂತರ ಬಾಯಲ್ಲಿಯೂ ನೆಲೆನಿಂತು ಒಂದು ಪ್ರಾಣಿಕುಲದ ಅನ್ನವನ್ನೇ ಕಸಿಯುತ್ತಿದೆ. ಇದನ್ನು ಖಂಡಿಸದೆ ಸುಮ್ಮನಿರುವುದು ಮಂಚೇನಹಳ್ಳಿ ಸೀಮೆಯವರಾದ ನಮಗೆ ಉಚಿತವಲ್ಲ.

ನಮಗೆ ವಾಯವ್ಯದಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ, ಕೃಷ್ಣಮೃಗಗಳ ಹಿಂಡುಗಳಿವೆ. 798 ಎಕರೆಯ ಆ ನೆಲವು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎನಿಸಿತು. ಸಂತೋಷವೇ. ಆದರೆ ಮೃಗಕ್ಕೆ ಗಡಿಕಲ್ಲಿನ ಪರಿಜ್ಞಾನವುಂಟೆ? ಮಳೆ ಬಿದ್ದು ಹುಲ್ಲು ಚಿಗುರಿದ ಕಡೆಗೆ ಅದು ನಡೆಯುವುದು. ಬಯಲು ಒಣಗಿದರೆ ಪಕ್ಕದ ಹೊಲಗಳಿಗೆ ಇಳಿಯುವುದು. ಆಂಧ್ರದ ಎಲ್ಲೆಯೂ ಹೊಲದ ಬದುವೂ ಅದಕ್ಕೆ ಒಂದೇ. ಕೃಷ್ಣಸಾರವು ಸ್ವಭಾವತಃ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳಿತು. ಸಂಚರಿಸುವ ದೇಶವೆಂದಿತೇ ಹೊರತು, ಬೇಲಿಯೊಳಗೆ ನಿಂತಿರುವ ದೇಶವೆನ್ನಲಿಲ್ಲ.

‘ಬಯಲಿನಲ್ಲಿ ಮರ ನೆಟ್ಟರೆ ಪುಣ್ಯವಲ್ಲವೆ?’ ಎಂದು ಕೆಲವರು ಕೇಳುವರು. ಎಲ್ಲ ನೆಲದಲ್ಲಿಯೂ ಅಲ್ಲ, ಸ್ವಾಮಿ! ಈ ಮೃಗಕ್ಕೆ ಕಣ್ಣೂ ಓಟವೂ ಆಯುಧಗಳು. ದೂರ ಕಾಣದ ತೋಪಿನಲ್ಲಿ ಎರಡೂ ಕೆಲಸಕ್ಕೆ ಬಾರವು. ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವನ್ನು ಕೃಷ್ಣಮೃಗಕ್ಕೆಂದೇ ಕೊಟ್ಟರು. ಅದರೊಳಗೆ ಹಬ್ಬಿರುವುದೋ ನೀಲಗಿರಿ ತೋಪು! ಮೈದನಹಳ್ಳಿಯ ಬಯಲಿಗೂ ಅದೇ ಗಿಡ ಕಾಲಿಟ್ಟಿದೆ. ಅತಿಥಿಯನ್ನು ಊಟಕ್ಕೆ ಕರೆದು ಎಲೆಯ ಜಾಗದಲ್ಲಿ ಒನಕೆ ನೆಟ್ಟಂತಾಯಿತು.

ಇನ್ನು ರೈತನ ಆಕ್ಷೇಪ. ಇದು ನ್ಯಾಯವಾದುದು. ಎಳೆಯ ಪೈರನ್ನು ಹಿಂಡು ಮೇಯ್ದುಹೋದರೆ ಅವನ ವರ್ಷದ ದುಡಿಮೆ ಮಣ್ಣುಪಾಲು. 1972ರ ವನ್ಯಜೀವಿ ಕಾಯಿದೆಯು ಮೃಗವನ್ನು ಮೊದಲನೆಯ ಅನುಸೂಚಿಯಲ್ಲಿಟ್ಟು ಕಾಪಾಡಿತು. ಆ ರಕ್ಷಣೆಯ ಭಾರವನ್ನು ರೈತನೊಬ್ಬನ ಹೆಗಲಿಗೇ ಹೊರಿಸುವುದು ಧರ್ಮವಲ್ಲ. ಮೃಗವು ಲೋಕದ ಸೊತ್ತಾದರೆ ನಷ್ಟವೂ ಲೋಕದ್ದೇ. ಪರಿಹಾರವು ಮುಂದಿನ ಬಿತ್ತನೆಯೊಳಗೆ ಅವನ ಕೈಸೇರತಕ್ಕದ್ದು.

ಆಫ್ರಿಕದ ಸೆರೆಂಗೆಟಿಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡಬೀಸ್ಟುಗಳು ಮಳೆಯ ಬೆನ್ನು ಹತ್ತಿ ಟಾಂಜಾನಿಯ, ಕೀನ್ಯಗಳ ನಡುವೆ ನಡೆಯುತ್ತವೆ. ಅಲ್ಲಿಯ ಪಂಡಿತರು ತಲೆಗಳನ್ನೆಣಿಸಿ ಸುಮ್ಮನಾಗದೆ ದಾರಿಯನ್ನೇ ಅಭ್ಯಾಸಮಾಡಿದರು. ನಮ್ಮ ಹಿಂಡು ಚಿಕ್ಕದು, ದಾರಿಯೂ ಚಿಕ್ಕದು. ಆದುದರಿಂದಲೇ ಅದು ಬೇಗ ಕಡಿದುಹೋಗುವುದು. ಯಾವ ತಿಂಗಳಲ್ಲಿ ಯಾವ ಬಯಲಿನಲ್ಲಿ ಮೃಗವಿರುವುದೆಂಬುದನ್ನು ಕುರಿ ಮೇಯಿಸುವವನು ಬಲ್ಲನು. ಅವನನ್ನು ಕೇಳಿ ಬರೆದಿಡೋಣ. ಆ ಬಯಲುಗಳನ್ನು ಬಯಲಾಗಿಯೇ ಬಿಡಿರೆಂದು ಎರಡು ರಾಜ್ಯಗಳ ಅಧಿಕಾರಿಗಳನ್ನೂ ಒತ್ತಾಯಿಸೋಣ. ಅದಕ್ಕೆ ಮೊದಲು ‘ಬಂಜರು’ ಎಂಬ ಮಾತನ್ನು ನಮ್ಮ ನಾಲಗೆಯಿಂದ ತೆಗೆಯೋಣ.