ಉತ್ತರ ಕರ್ನಾಟಕದ ಹೆರಿಗೆ ಕೋಣೆ: ನರ್ಸಿಂಗ್ ಶಿಕ್ಷಣದ ಲೆಕ್ಕ ಸರಿಹೊಂದಿದೆಯೇ?

ಮುಂಬಯಿ, ಪುಣೆ, ಹೈದರಾಬಾದ್‌ಗಳಲ್ಲಿ ದುಡಿಯುತ್ತಿರುವ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಯ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಡೆದುಬಂದ ಪದ್ಧತಿ. ಆದುದರಿಂದ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿಯಲ್ಲಿರುವ ನರ್ಸ್ ಏನು ಕಲಿತಿದ್ದಾರೆ ಎಂಬುದು ಹೊರನಾಡ ಕನ್ನಡಿಗರಿಗೂ ಸಂಬಂಧಿಸಿದ ಪ್ರಶ್ನೆ.

ಅಂಕಿಅಂಶಗಳು ಮೇಲ್ನೋಟಕ್ಕೆ ಸಮಾಧಾನಕರವಾಗಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ಕ್ಕೆ ಅದು 97ಕ್ಕೇರಿತು. ಒಂದು ಲಕ್ಷ ಜನನಗಳಿಗೆ ತಾಯಂದಿರ ಮರಣ 2004-06ರಲ್ಲಿ 213 ಇದ್ದದ್ದು 2018-20ರಲ್ಲಿ 69ಕ್ಕಿಳಿಯಿತು. ಆದರೆ ಅದೇ ಅವಧಿಯಲ್ಲಿ ಕೇರಳದಲ್ಲಿ 19, ಮಹಾರಾಷ್ಟ್ರದಲ್ಲಿ 33, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ಕರ್ನಾಟಕದ್ದೇ ಹೆಚ್ಚು. ಅಂದರೆ ಗರ್ಭಿಣಿಯರು ಆಸ್ಪತ್ರೆಯ ಬಾಗಿಲಿಗೆ ಬಂದಿದ್ದಾರೆ. ಇನ್ನು ನೋಡಬೇಕಾದದ್ದು ಒಳಗೆ ಸಿಗುವ ಆರೈಕೆಯನ್ನು.

ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟರೆ ಅತಿ ರಕ್ತಸ್ರಾವವನ್ನು ಬಹುಮಟ್ಟಿಗೆ ತಡೆಯಬಹುದು. ಅಳದ ಶಿಶುವಿಗೆ ಉಸಿರು ಕೊಡಬೇಕಾದದ್ದೂ ಮೊದಲ ನಿಮಿಷದಲ್ಲೇ. ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಎರಡರಲ್ಲೂ ಈ ಪಾಠವಿದೆ. ಆದರೆ ಒಂದೇ ಹೆರಿಗೆ ಮೇಜಿನ ಸುತ್ತ ಹಲವು ಕಾಲೇಜುಗಳ ವಿದ್ಯಾರ್ಥಿನಿಯರು ನಿಂತು ನೋಡಿದರೆ ಪರೀಕ್ಷೆ ಪಾಸಾಗುತ್ತದೆ, ಕೈ ಪಳಗುವುದಿಲ್ಲ.

ಈ ಕೊರತೆಯನ್ನು ತುಂಬುವ ಗಮನಾರ್ಹ ಪ್ರಯತ್ನ ಉತ್ತರ ಕರ್ನಾಟಕದಲ್ಲೇ ನಡೆದಿದೆ. ‘ಸುಕ್ಷೇಮ’ ಯೋಜನೆಯಡಿ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು 54ರಂತೆ ಎರಡು ಗುಂಪು ಮಾಡಿ 2012-13ರಲ್ಲಿ ಪ್ರಯೋಗ ನಡೆಸಲಾಯಿತು. ಒಂದು ಗುಂಪಿನ ಕೇಂದ್ರಗಳಿಗೆ ತರಬೇತಿ ಪಡೆದ ಹಿರಿಯ ನರ್ಸ್‌ಗಳು ಮತ್ತೆ ಮತ್ತೆ ಭೇಟಿ ನೀಡಿ, ಅಲ್ಲಿನ ಸಿಬ್ಬಂದಿಯ ಜೊತೆ ನಿಂತು ಕಲಿಸಿದರು. ಆ ಕೇಂದ್ರಗಳಲ್ಲಿ ನರ್ಸ್‌ಗಳ ತಿಳಿವಳಿಕೆ, ಹೆರಿಗೆಗೆ ಬೇಕಾದ ಸಿದ್ಧತೆ ಎರಡೂ ಉತ್ತಮಗೊಂಡವು. ಕಲಿಕೆ ಪದವಿಯೊಂದಿಗೆ ಮುಗಿಯಬಾರದೆಂಬುದಕ್ಕೆ ಇದೇ ಸಾಕ್ಷಿ.

ತರಬೇತಿಯೊಂದೇ ಸಾಲದು ಎಂಬುದೂ ಅಷ್ಟೇ ನಿಜ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಸಾವಿಗೀಡಾದಾಗ ಸಂಶಯ ಬಿದ್ದದ್ದು ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ. ನರ್ಸ್ ಎಷ್ಟೇ ನಿಪುಣಳಾದರೂ ಕೈಗೆ ಬಂದ ಬಾಟಲಿ ಸರಿಯಿರಬೇಕು.

ಕೇಂದ್ರ ಸರಕಾರ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ನರ್ಸ್‌ಗಳಿಗೆ 18 ತಿಂಗಳ ವಿಶೇಷ ಸೂಲಗಿತ್ತಿ ತರಬೇತಿಯ ವ್ಯವಸ್ಥೆಯಿದೆ. ಹೀಗೆ ಕಲಿತವರು ಮೊದಲು ತಲುಪಬೇಕಾದದ್ದು ಯಾದಗಿರಿ, ರಾಯಚೂರಿನಂತಹ ಜಿಲ್ಲೆಗಳಿಗೆ.

ಹೊರನಾಡ ಕನ್ನಡ ಸಂಘಗಳು ಪ್ರತಿವರ್ಷ ವಿದ್ಯಾರ್ಥಿವೇತನ ವಿತರಿಸುತ್ತವೆ. ಊರಿನ ನರ್ಸಿಂಗ್ ವಿದ್ಯಾರ್ಥಿನಿಗೆ ನೆರವು ನೀಡುವಾಗ ಅಂಕಪಟ್ಟಿಯ ಜೊತೆಗೆ ಇನ್ನೊಂದನ್ನೂ ವಿಚಾರಿಸುವುದು ಒಳಿತು: ಆಕೆಯ ಕಾಲೇಜು ಯಾವ ಆಸ್ಪತ್ರೆಗೆ ಕಳುಹಿಸುತ್ತದೆ, ಅಲ್ಲಿ ಆಕೆ ಸ್ವತಃ ಮಾಡಿಸಿದ ಹೆರಿಗೆಗಳೆಷ್ಟು? ಕಾಲೇಜಿನ ನಿಜವಾದ ಫಲಿತಾಂಶ ಅಲ್ಲಿದೆ.