ಸ್ಪ್ರಿಂಗ್ ಬಿಗಿಯಾದರೆ ಶಕ್ತಿ ಹೆಚ್ಚುವುದೇ?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿ ಮಾಡಿದ್ದ. ಕೆಸರು, ಗುಡ್ಡ ಎನ್ನದೆ ಓಡುವ ನಾಲ್ಕು ಗಾಲಿಯ ಎಟಿವಿಯೊಂದು ಅವನಲ್ಲಿದೆ. ಅದಕ್ಕೆ ದೊಡ್ಡ ಟೈರು ಹಾಕಿಸಿದ ಮೇಲೆ ಏರಿನಲ್ಲಿ ಏದುಸಿರು ಬಿಡುತ್ತಿದೆಯಂತೆ. "ಕ್ಲಚ್ಚಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ ಅಂತಾರೆ, ಹೌದಾ ಸಾರ್?" ಎಂದು ಕೇಳಿದ. ಹುಕ್‌ನ ನಿಯಮವನ್ನು ಅವನಿಗೆ ಕಲಿಸಿದವನು ನಾನೇ, ನುಣುಚಿಕೊಳ್ಳುವಂತಿರಲಿಲ್ಲ.

ಇಂಥ ಬಹುಪಾಲು ವಾಹನಗಳಲ್ಲಿ, ನಮ್ಮ ಗೇರಿಲ್ಲದ ಸ್ಕೂಟರುಗಳಂತೆಯೇ, ಬೆಲ್ಟಿನ ಏರ್ಪಾಡಿದೆ. ಎಂಜಿನ್ನಿನ ವೇಗ ಏರಿದಂತೆ ಮುಂದಿನ ಕ್ಲಚ್ಚಿನೊಳಗಿನ ತೂಕಗಳು ಹೊರಕ್ಕೆ ಚಾಚಿ, ಸ್ಪ್ರಿಂಗಿನ ಒತ್ತಡವನ್ನು ಮೀರಿ ಬೆಲ್ಟನ್ನು ಹಿಡಿಯುತ್ತವೆ. ಸ್ಪ್ರಿಂಗ್ ಬಿಗಿಯಾದರೆ ಈ ಹಿಡಿತ ತಡವಾಗಿ, ಎಂಜಿನ್ ಇನ್ನಷ್ಟು ವೇಗ ಪಡೆದ ಮೇಲೆ ಆಗುತ್ತದೆ. ಆದ್ದರಿಂದ ಭಾರದ ಟೈರು ಚುರುಕಾಗಿ ಹೊರಡುತ್ತದೆ. ಅಶ್ವಶಕ್ತಿ ಮಾತ್ರ ಎಳ್ಳಷ್ಟೂ ಹೆಚ್ಚಲಿಲ್ಲ. ಅದು ಗಾಲಿಗೆ ತಲುಪುವ ಹೊತ್ತು ಬದಲಾಯಿತು, ಅಷ್ಟೆ. ಹಿಂದಿನ ಕ್ಲಚ್ಚಿನ ಸ್ಪ್ರಿಂಗ್ ಬೇರೆಯೇ ಕೆಲಸದ್ದು: ಬೆಲ್ಟನ್ನು ಬಿಗಿಹಿಡಿದು, ಏರಿನಲ್ಲಿ ತಗ್ಗಿನ ಗೇರಿಗೆ ಬೇಗ ಮರಳಿಸುವುದು. ಅವನ ತೊಂದರೆಗೆ ಮೊದಲು ನೋಡಬೇಕಾದದ್ದು ಇದನ್ನೇ. ಅದೂ ಅತಿಯಾದರೆ ಎಂಜಿನ್ ವೃಥಾ ಅರಚುತ್ತದೆ, ಬೆಲ್ಟು ಕಾಯುತ್ತದೆ.

ನನ್ನ ಆಕ್ಷೇಪ ಇರುವುದು ಮುಂದಿನ ಸ್ಪ್ರಿಂಗನ್ನು ಬಹಳ ಬಿಗಿ ಮಾಡುವುದಕ್ಕೆ. ಆಗ ವಾಹನ ಮೆಲ್ಲಗೆ ಹೊರಡದು, ಜಿಗಿಯುತ್ತದೆ. ಕಡಿದಾದ ಏರಿನಲ್ಲಿ ಮುಂಗಾಲಿ ಎದ್ದು ಸವಾರನ ಮೇಲೆಯೇ ಮಗುಚಬಹುದು. ಅವನ ಹದಿಮೂರರ ಮಗನೂ ಅದನ್ನು ಓಡಿಸುತ್ತಾನಂತೆ! ದೊಡ್ಡವರ ಎಟಿವಿಗಳ ಮೇಲೆ ಹದಿನಾರು ತುಂಬದವರು ಓಡಿಸಬಾರದೆಂದು ತಯಾರಕರೇ ಬರೆದಿರುತ್ತಾರೆ. ಹುಡುಗನನ್ನು ಮೊದಲು ಕೆಳಗಿಳಿಸು, ಹಳೆಯ ಟೈರನ್ನೇ ಹಾಕು ಎಂದೆ.

"ಸ್ಪ್ರಿಂಗ್ ಆಗಲೇ ತರಿಸಿಬಿಟ್ಟಿದ್ದೇನೆ ಸಾರ್" ಎಂದ.